ಹೆಂಚು ಕೈಯಾಡಿಸಿದ ಹಾಗೆ: ಜೀವಕೋಶ ತನ್ನ ಮೈಟೊಕಾಂಡ್ರಿಯ ನೋಡಿಕೊಳ್ಳುವ ಬಗೆ, ನಾವು ಕೊಡಬಹುದಾದ ನೆರವು

ಅಮ್ಮನ ಬಲಗಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ಸಂಜೆ, ಹೊಲಿಗೆ ಡಬ್ಬಿಯಲ್ಲಿದ್ದ ಟೇಪ್ ತಂದು ಎರಡೂ ತೊಡೆ ಅಳೆದೆ. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ. ಎಡಗಾಲು 39 ಸೆಂಟಿಮೀಟರ್, ಬಲಗಾಲು 36. ಆರೇ ವಾರ. ಬಚ್ಚಲಲ್ಲಿ ಜಾರಿ ಬಿದ್ದು ಮೂಳೆ ಮುರಿದಿದ್ದು ಕಣಕಾಲಿನ ಮೇಲೆ. ಆದರೆ ಸೊರಗಿದ್ದು ಇಡೀ ಕಾಲು.

ಮನೆ ಮುಂದಿನ ನಾಲ್ಕು ಮೆಟ್ಟಿಲು ಹತ್ತಿ ಅಮ್ಮ ಜಗುಲಿ ಮೇಲೆ ಕೂತುಬಿಟ್ಟಳು. "ನೋವಿಲ್ಲ ಕಣೇ, ಕಾಲಿಗೆ ಕಸುವೇ ಬರ್ತಿಲ್ಲ" ಅಂದಳು. ಅದೇ ವಾರ ನೋಡಲು ಬಂದ ನೆಂಟರೊಬ್ಬರು ಒಂದು ಬಾಟಲಿ ಮಾತ್ರೆ ಕೊಟ್ಟು ಹೋದರು. ಮೇಲೆ ದೊಡ್ಡದಾಗಿ 'ಮೈಟೊಕಾಂಡ್ರಿಯಕ್ಕೆ ಶಕ್ತಿ' ಅಂತ ಬರೆದಿತ್ತು. ಅವರ ಪ್ರೀತಿ ದೊಡ್ಡದು, ಅನುಮಾನವಿಲ್ಲ. ಆದರೆ ಮೈಟೊಕಾಂಡ್ರಿಯ ಶಕ್ತಿ ತುಂಬಿಸಿಕೊಳ್ಳುವ ಪಾತ್ರೆಯಲ್ಲ. ಇಪ್ಪತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟಿದ್ದೇನೆ. 'ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರ' ಅಂತ ಬರೆಸಿ ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಆ ಕೇಂದ್ರ ಹಾಳಾದರೆ ರಿಪೇರಿ ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎನ್ನುವುದನ್ನು ಹೇಳುವುದೇ ಇಲ್ಲ. ಅಮ್ಮನ ಕಾಲು ನೋಡಿದ ಮೇಲೆ ಅದನ್ನು ಬರೆಯಲೇಬೇಕು ಅನ್ನಿಸಿತು.

ಹಳೇ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಸೂರಿನ ಮೇಲೆ ಹತ್ತಿ ಹೆಂಚು ಕೈಯಾಡಿಸುತ್ತಿದ್ದೆವು. ಬಿರುಕು ಬಿಟ್ಟ ಹೆಂಚು ತೆಗೆಯುವುದು, ಸರಿದಿದ್ದನ್ನು ಕೂರಿಸುವುದು, ಖಾಲಿ ಜಾಗಕ್ಕೆ ಹೊಸದು ಇಡುವುದು. ಜೀವಕೋಶ ಈ ಕೆಲಸವನ್ನು ವರ್ಷಕ್ಕೊಮ್ಮೆ ಮಾಡುವುದಿಲ್ಲ, ದಿನವೂ ಮಾಡುತ್ತದೆ. ಇಲಿಗಳಲ್ಲಿ ಅಳೆದಾಗ ಲಿವರ್‌ನ ಮೈಟೊಕಾಂಡ್ರಿಯದಲ್ಲಿ ಅರ್ಧದಷ್ಟು ಹತ್ತು ದಿನದೊಳಗೇ ಬದಲಾಗುತ್ತದೆ ಅಂತ ಗೊತ್ತಾಗಿದೆ. ಮಿದುಳಿನಲ್ಲಿ ಅದಕ್ಕೆ ಮೂರು ವಾರಕ್ಕಿಂತ ಜಾಸ್ತಿ ಬೇಕು.

ಮೊದಲು ಅಡುಗೆಮನೆಯಲ್ಲೇ ನೋಡಿ

ಮಾಂಸ ತಿನ್ನುವ ಮನೆಯಾದರೆ ಮುಂದಿನ ಸಲ ನಾಟಿ ಕೋಳಿ ತೊಳೆಯುವಾಗ ಒಂದು ನಿಮಿಷ ನಿಂತು ನೋಡಿ. ಕಾಲಿನ ತುಂಡು ಕೆಂಪು, ಎದೆಯ ತುಂಡು ಬಿಳಿಚು. ಒಂದೇ ಕೋಳಿ, ಒಂದೇ ರಕ್ತ. ಕೋಳಿ ಇಡೀ ದಿನ ಕೆದಕುತ್ತಾ ನಡೆಯುತ್ತದೆ. ಹಾರುವುದು ಬೇಲಿ ದಾಟುವಾಗ, ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ. ಹಾಗಾಗಿ ಕಾಲಿನ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಜಾಸ್ತಿ, ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನೂ ಜಾಸ್ತಿ. ಎದೆಯಲ್ಲಿ ಎರಡೂ ಕಡಿಮೆ. ಪಾರಿವಾಳದಲ್ಲಿ ಇದು ತಿರುಗುಮುರುಗು. ಅದು ಗಂಟೆಗಟ್ಟಲೆ ಹಾರುವ ಹಕ್ಕಿ, ಅದರ ಎದೆಯ ಮಾಂಸ ಗಾಢ ಕೆಂಪು. ಎಲ್ಲಿ ಬಿಡದೆ ಕೆಲಸ ನಡೆಯುತ್ತದೋ ಅಲ್ಲಿ ಮೈಟೊಕಾಂಡ್ರಿಯ ಸೇರುತ್ತದೆ. ಕೆಲಸ ನಿಂತರೆ, ಪ್ಲಾಸ್ಟರಿನೊಳಗಿದ್ದ ಅಮ್ಮನ ಕಾಲಿನ ಹಾಗೆ, ಕಡಿಮೆಯಾಗುತ್ತದೆ. ನಮ್ಮ ಹೃದಯ ಒಂದು ಕ್ಷಣವೂ ನಿಲ್ಲುವುದಿಲ್ಲ, ಅದರ ಸ್ನಾಯುಕೋಶದ ಮೂರರಲ್ಲಿ ಒಂದು ಪಾಲು ಜಾಗ ಇವುಗಳದ್ದೇ.

ಇನ್ನೊಂದು ಸಂಗತಿ ಗೊತ್ತಿರಬೇಕು, ಮುಂದೆ ಔಷಧಿಯ ಮಾತು ಬಂದಾಗ ಬೇಕಾಗುತ್ತದೆ. ಮೈಟೊಕಾಂಡ್ರಿಯ ಮೂಲತಃ ಒಂದು ಬ್ಯಾಕ್ಟೀರಿಯಾ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಜೀವಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿದುಬಿಟ್ಟಿತು. ಅದರ ಗುರುತಾಗಿ ಇವತ್ತಿಗೂ ಅದಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ. ಮನುಷ್ಯರಲ್ಲಿ ಅದು 16,569 ಅಕ್ಷರಗಳಷ್ಟು ಉದ್ದ, 37 ಜೀನ್‌ಗಳಿವೆ. 1981ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಇದನ್ನು ಪೂರ್ತಿ ಓದಿದರು. ಈ ಡಿಎನ್‌ಎ ನಮಗೆ ಬರುವುದು ತಾಯಿಯಿಂದ. ಅಮ್ಮನ ಕಾಲಲ್ಲಿ ಸೊರಗಿದ್ದ ಮೈಟೊಕಾಂಡ್ರಿಯದ ವಂಶವೇ ನನ್ನೊಳಗೂ ಇದೆ.

ಜೀವಕೋಶ ಮಾಡುವ ಕೆಲಸ

ಒಂದು: ಬಾಗಿಲು ಕಾಯುವುದು. ಮೈಟೊಕಾಂಡ್ರಿಯಕ್ಕೆ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್ ಬೇಕು. ಅದರ ಸ್ವಂತ ಡಿಎನ್‌ಎಯಿಂದ ತಯಾರಾಗುವುದು ಬರೀ 13. ಉಳಿದದ್ದೆಲ್ಲ ಹೊರಗಿನಿಂದ ಬರಬೇಕು. ಅದಕ್ಕಾಗಿ ಎರಡು ಪೊರೆಗಳಲ್ಲೂ ಬಾಗಿಲುಗಳಿವೆ, ಹೊರಗಿನದಕ್ಕೆ ಟಾಮ್, ಒಳಗಿನದಕ್ಕೆ ಟಿಮ್ ಅಂತ ಹೆಸರು. ಒಳಪೊರೆಯ ಆಚೀಚೆ ಸುಮಾರು 150ರಿಂದ 180 ಮಿಲಿವೋಲ್ಟ್ ವಿದ್ಯುತ್ ವ್ಯತ್ಯಾಸ ಇರುತ್ತದೆ. ಟಾರ್ಚಿನ ಸೆಲ್‌ನ ಹತ್ತನೇ ಒಂದು ಭಾಗದಷ್ಟು. ಈ ವೋಲ್ಟೇಜ್ ಇದ್ದರೆ ಎಟಿಪಿ, ಅಂದರೆ ಜೀವಕೋಶ ತನ್ನ ಕೆಲಸಕ್ಕೆ ಖರ್ಚು ಮಾಡುವ ಶಕ್ತಿಯ ಅಣು, ತಯಾರಾಗುತ್ತದೆ, ಪ್ರೋಟೀನ್ ಒಳಗೆ ಬರುತ್ತದೆ. ಇಲ್ಲದಿದ್ದರೆ ಎರಡೂ ನಿಲ್ಲುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ.

ಎರಡು: ಸಣ್ಣಪುಟ್ಟ ರಿಪೇರಿ. ಒಳಗೆ ಬಂದ ಪ್ರೋಟೀನನ್ನು ಸರಿಯಾಗಿ ಮಡಚಿ ಕೂರಿಸಲು ಸಹಾಯಕ ಪ್ರೋಟೀನ್‌ಗಳಿವೆ. ಕೆಟ್ಟದ್ದನ್ನು ಕತ್ತರಿಸಿ ಹಾಕಲು ಲಾನ್, ಕ್ಲಿಪ್-ಪಿ ಮುಂತಾದ ಕತ್ತರಿಗಳಿವೆ. ಊಟದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸಿ ಕೊನೆಗೆ ಆಮ್ಲಜನಕಕ್ಕೆ ಮುಟ್ಟಿಸುವ, ಒಳಪೊರೆಯ ಪ್ರೋಟೀನ್ ಸಾಲಿಗೆ ಉಸಿರಾಟದ ಸರಪಳಿ ಅಂತ ಹೆಸರು. ಅದರಿಂದ ದಾರಿತಪ್ಪಿ ಸೋರಿದ ಎಲೆಕ್ಟ್ರಾನ್ ಆಮ್ಲಜನಕಕ್ಕೆ ತಗುಲಿದರೆ ಸೂಪರ್‌ಆಕ್ಸೈಡ್ ಅನ್ನುವ ಕಿಡಿ ಹುಟ್ಟುತ್ತದೆ. ಅದನ್ನು ಅಲ್ಲೇ ಆರಿಸಲು ಮ್ಯಾಂಗನೀಸ್ ಇಟ್ಟುಕೊಂಡ ಒಂದು ಕಿಣ್ವವಿದೆ. ಕೆಲಸ ಕೈಮೀರಿದರೆ ಮೈಟೊಕಾಂಡ್ರಿಯ ನ್ಯೂಕ್ಲಿಯಸ್‌ಗೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ಇನ್ನಷ್ಟು ಸಹಾಯಕರು ಬರುತ್ತಾರೆ.

ಮೂರು: ಕೂಡುವುದು, ಒಡೆಯುವುದು. ಪುಸ್ತಕದ ಚಿತ್ರದಲ್ಲಿ ಮೈಟೊಕಾಂಡ್ರಿಯ ಒಂದೊಂದೇ ಹುರುಳಿಬೀಜದ ಹಾಗೆ ಕೂತಿರುತ್ತದೆ. ಜೀವಂತ ಕೋಶದಲ್ಲಿ ಅದು ಓಡಾಡುವ, ಒಂದಕ್ಕೊಂದು ಸೇರುವ, ಮತ್ತೆ ತುಂಡಾಗುವ ಜಾಲ. 1898ರಲ್ಲಿ ಕಾರ್ಲ್ ಬೆಂಡಾ ಇಟ್ಟ ಹೆಸರಿನಲ್ಲೇ ಗ್ರೀಕಿನ 'ದಾರ' ಮತ್ತು 'ಕಾಳು' ಎರಡೂ ಇವೆ. ಸ್ವಲ್ಪ ಸುಸ್ತಾದ ಮೈಟೊಕಾಂಡ್ರಿಯ ಗಟ್ಟಿಯಾಗಿರುವುದರ ಜೊತೆ ಕೂಡಿದರೆ ಒಳಗಿನ ಸಾಮಾನು ಹಂಚಿಕೊಂಡು ಸುಧಾರಿಸುತ್ತದೆ. ತೀರಾ ಕೆಟ್ಟ ಭಾಗವನ್ನು ಬೇರೆ ಮಾಡಬೇಕಾದಾಗ ಡಿಆರ್‌ಪಿ-1 ಅನ್ನುವ ಪ್ರೋಟೀನ್ ಅದರ ಸುತ್ತ ಹಗ್ಗದ ಹಾಗೆ ಸುತ್ತಿ ಬಿಗಿದು ತುಂಡರಿಸುತ್ತದೆ. ಕೂಡಿಸುವ ಮೈಟೊಫ್ಯೂಸಿನ್-2 ಜೀನ್ ಕೆಟ್ಟರೆ ಕೈಕಾಲಿನ ನರ ಸೊರಗುವ ಒಂದು ಕಾಯಿಲೆ ಬರುತ್ತದೆ. ಓಪಿಎ-1 ಕೆಟ್ಟರೆ ಕಣ್ಣಿನ ನರ ಸೊರಗುತ್ತದೆ. ಅಷ್ಟು ಮುಖ್ಯ ಈ ಕೂಡಾಟ.

ನಾಲ್ಕು: ಹಾಳಾಗಿದ್ದನ್ನು ಗುರುತಿಸಿ ತೆಗೆಯುವುದು. ನನಗೆ ಬಹಳ ಇಷ್ಟದ ಭಾಗ ಇದು. ಪಿಂಕ್-1 ಅನ್ನುವ ಒಂದು ಪ್ರೋಟೀನ್ ಇದೆ. ಜೀವಕೋಶ ಅದನ್ನು ತಯಾರಿಸುತ್ತಲೇ ಇರುತ್ತದೆ. ಮೈಟೊಕಾಂಡ್ರಿಯ ಚೆನ್ನಾಗಿದ್ದರೆ ಪಿಂಕ್-1 ಅನ್ನು ಬಾಗಿಲಿನಿಂದ ಒಳಗೆ ಎಳೆದುಕೊಳ್ಳುತ್ತದೆ, ಪಿಂಕ್-1 ಅಲ್ಲಿ ತುಂಡಾಗಿ ಆಮೇಲೆ ನಾಶವಾಗುತ್ತದೆ. ವೋಲ್ಟೇಜ್ ಬಿದ್ದ ಮೈಟೊಕಾಂಡ್ರಿಯ ಅದನ್ನು ಒಳಗೆ ಎಳೆದುಕೊಳ್ಳಲಾರದು. ಆಗ ಪಿಂಕ್-1 ಬಾಗಿಲ ಹೊರಗೇ ಸಾಲುಗಟ್ಟಿ ನಿಲ್ಲುತ್ತದೆ. ತೆಗೆದುಕೊಳ್ಳುವವರಿಲ್ಲದೆ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ ಮೂರು ದಿನದಿಂದ ಬಿದ್ದಿದ್ದರೆ ಒಳಗೆ ಏನೋ ಆಗಿದೆ ಅಂತ ಅಕ್ಕಪಕ್ಕದವರಿಗೆ ತಿಳಿಯುವುದಿಲ್ವಾ, ಹಾಗೆ. ಅಲ್ಲಿಗೆ ಪಾರ್ಕಿನ್ ಅನ್ನುವ ಇನ್ನೊಂದು ಪ್ರೋಟೀನ್ ಬಂದು ಯುಬಿಕ್ವಿಟಿನ್ ಅನ್ನುವ ಚೀಟಿಗಳನ್ನು ಮೈತುಂಬ ಅಂಟಿಸುತ್ತದೆ. ಚೀಟಿ ಕಂಡ ಕಡೆ ಒಂದು ಪೊರೆ ಬೆಳೆದು ಆ ಮೈಟೊಕಾಂಡ್ರಿಯವನ್ನು ಚೀಲದ ಹಾಗೆ ಮುಚ್ಚುತ್ತದೆ. ಚೀಲ ಲೈಸೊಸೋಮ್ ಅನ್ನುವ, ಕಸ ಕರಗಿಸುವ ಕಿಣ್ವ ತುಂಬಿದ ಭಾಗದ ಜೊತೆ ಸೇರುತ್ತದೆ. ಒಳಗಿದ್ದದ್ದು ಕರಗಿ, ಕಚ್ಚಾ ಸಾಮಗ್ರಿಯಾಗಿ ಮತ್ತೆ ಬಳಕೆಗೆ ಬರುತ್ತದೆ. ಇದಕ್ಕೆ ಮೈಟೊಫೇಜಿ ಅಂತ ಹೆಸರು.

ಈ ಕಥೆ ಬಿಡಿಬಿಡಿಯಾಗಿ ಗೊತ್ತಾಗುತ್ತಾ ಬಂತು. ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್, ಅಂದರೆ ಮಿದುಳಿನ ನರಕೋಶ ಸೊರಗಿ ಕೈಕಾಲು ನಡುಗುವ ಕಾಯಿಲೆ, ಬಂದ ಜಪಾನಿನ ಕುಟುಂಬಗಳಲ್ಲಿ ಪಾರ್ಕಿನ್ ಜೀನ್ ಸಿಕ್ಕಿದ್ದು 1998ರಲ್ಲಿ. ಪಿಂಕ್-1ಕ್ಕೂ ಅದೇ ಕಾಯಿಲೆಗೂ ನಂಟಿದೆ ಅಂತ ಗೊತ್ತಾಗಿದ್ದು 2004ರಲ್ಲಿ. ಪಾರ್ಕಿನ್ ಓಡಿ ಹೋಗಿ ಕೆಟ್ಟ ಮೈಟೊಕಾಂಡ್ರಿಯಕ್ಕೇ ಅಂಟುತ್ತದೆ ಅಂತ ಅಮೆರಿಕದ ರಿಚರ್ಡ್ ಯೂಲ್ ಅವರ ತಂಡ ತೋರಿಸಿದ್ದು 2008ರಲ್ಲಿ. ಜೀವಕೋಶ ತನ್ನದೇ ಭಾಗಗಳನ್ನು ಚೀಲ ಕಟ್ಟಿ ಕರಗಿಸುವ ಬಗೆಯನ್ನು ಯೀಸ್ಟ್‌ನಲ್ಲಿ ಬಿಡಿಸಿ ನೋಡಿದ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಹಾಗಂತ ಎಲ್ಲ ಪಾರ್ಕಿನ್ಸನ್ ರೋಗಿಗಳಲ್ಲೂ ಈ ಜೀನ್ ಕೆಟ್ಟಿರುವುದಿಲ್ಲ, ಬಹಳ ಜನರಲ್ಲಿ ಕೆಟ್ಟಿರುವುದಿಲ್ಲ. ಆದರೆ ಹಳೆಯದನ್ನು ತೆಗೆಯದಿದ್ದರೆ ನರಕೋಶಕ್ಕೆ ಏನಾಗಬಹುದು ಎಂದು ಈ ಕುಟುಂಬಗಳಿಂದ ನಾವು ಕಲಿತೆವು.

ಐದು: ಹೊಸದು ಮಾಡುವುದು. ತೆಗೆದಷ್ಟೂ ಹೊಸದು ಸೇರಬೇಕು. ಅದರ ಮೇಸ್ತ್ರಿಯ ಹೆಸರು ಪಿಜಿಸಿ-1 ಆಲ್ಫಾ, ಇದೂ ಸಿಕ್ಕಿದ್ದು 1998ರಲ್ಲೇ. ಅದು ಎಚ್ಚರಗೊಂಡರೆ ಮೈಟೊಕಾಂಡ್ರಿಯಕ್ಕೆ ಬೇಕಾದ ನೂರಾರು ಜೀನ್‌ಗಳು ಒಟ್ಟಿಗೆ ಕೆಲಸಕ್ಕೆ ಇಳಿಯುತ್ತವೆ. ಈ ಮೇಸ್ತ್ರಿಯನ್ನು ಎಬ್ಬಿಸುವುದು ಹೇಗೆ? ಇಲ್ಲಿಂದ ನಮ್ಮ ಕೆಲಸ ಶುರು.

ನಾವು ಮಾಡಬೇಕಾದ್ದು: ಮೊದಲ ಹೆಜ್ಜೆ, ನಡಿಗೆ

ಅಮೆರಿಕದ ಜಾನ್ ಹೊಲೊಜಿ 1967ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಲಿಗಳನ್ನು ವಾರಗಟ್ಟಲೆ ಓಡಿಸಿ ಕಾಲಿನ ಸ್ನಾಯು ಪರೀಕ್ಷಿಸಿದಾಗ ಅವುಗಳ ಮೈಟೊಕಾಂಡ್ರಿಯದ ಕಸುವು ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಮನುಷ್ಯರಲ್ಲೂ ಇದೇ ದಾರಿ, ವಯಸ್ಸಾದವರಲ್ಲೂ. ಸ್ನಾಯು ಬಳಸಿದಾಗ ಎಟಿಪಿ ಖರ್ಚಾಗುತ್ತದೆ, ಕೊರತೆ ಕಂಡ ಎಎಂಪಿಕೆ ಅನ್ನುವ ಕಿಣ್ವ ಎರಡು ಕಡೆ ಗಂಟೆ ಬಾರಿಸುತ್ತದೆ. ಒಂದು ಗಂಟೆ ಮೇಸ್ತ್ರಿಗೆ, ಹೊಸದು ಮಾಡು ಅಂತ. ಇನ್ನೊಂದು ಚೀಲ ಕಟ್ಟುವವರಿಗೆ, ಹಳೆಯದು ತೆಗೆ ಅಂತ. ತೆಗೆಯುವುದು, ಇಡುವುದು ಎರಡನ್ನೂ ಒಟ್ಟಿಗೆ ನಡೆಸುವ ಮಾತ್ರೆ ನನಗಂತೂ ಕಂಡಿಲ್ಲ. ನಡಿಗೆ ಎರಡನ್ನೂ ಮಾಡಿಸುತ್ತದೆ.

ಅಮ್ಮನಿಗೆ ಹೇಗೆ ಶುರು ಮಾಡಿದೆವು ಅಂತ ಹೇಳುತ್ತೇನೆ. ಮೂಳೆ ಡಾಕ್ಟರು ಕಾಲ ಮೇಲೆ ಭಾರ ಹಾಕಬಹುದು ಅಂದ ಮೇಲೆಯೇ ಶುರು ಮಾಡಿದ್ದು, ಅದನ್ನು ಮರೆಯಬೇಡಿ.

ಮೊದಲ ವಾರ ಮೂರು ಹೊತ್ತು ಊಟವಾದ ಮೇಲೆ ಹತ್ತತ್ತು ನಿಮಿಷ, ಅಂಗಳದಲ್ಲಿ. ಒಂದೇ ಸಲ ಅರ್ಧ ಗಂಟೆ ಬೇಡ. ವೇಗ ಎಷ್ಟಿರಬೇಕು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಮ್ಮ ದೇವರನಾಮ ಹೇಳಿಕೊಂಡೇ ನಡೆಯುತ್ತಿದ್ದಳು. ಪಲ್ಲವಿ ಪೂರ್ತಿ ಒಂದೇ ಉಸಿರಲ್ಲಿ ಬರ್ತಿದ್ದರೆ "ಸ್ವಲ್ಪ ಬಿರುಸಾಗಿ ನಡಿಯಮ್ಮ" ಅನ್ನುತ್ತಿದ್ದೆ. ಪ್ರತಿ ವಾರ ಐದೈದು ನಿಮಿಷ ಸೇರಿಸಿದೆವು.

ಮೂರನೇ ವಾರದಿಂದ ನಡುನಡುವೆ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ. ಹೀಗೆ ನಾಲ್ಕೈದು ಸಲ. ಇದರ ಜೊತೆಗೆ ಕುರ್ಚಿಯಿಂದ ಏಳುವುದು. ಊಟದ ಮೇಜಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಊರದೆ ಎದ್ದು, ನಿಧಾನವಾಗಿ ಕೂರುವುದು. ಮೊದಲು ನಾಲ್ಕು ಸಲಕ್ಕೇ ಸುಸ್ತು, ಆಮೇಲೆ ಎಂಟು, ಹತ್ತು. ಕೂರುವಾಗ ಧೊಪ್ಪನೆ ಕೂರಬಾರದು, ಅಲ್ಲೇ ಸ್ನಾಯುವಿಗೆ ಕೆಲಸ ಇರುವುದು.

ಆರೋಗ್ಯವಾಗಿರುವವರಿಗೆ ಗುರಿ ಇದು: ವಾರಕ್ಕೆ ಒಟ್ಟು 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯುವಿಗೆ ಭಾರದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಕನಿಷ್ಠ ಇಷ್ಟೇ. ಗದ್ದೆ ಕೆಲಸ, ಮೆಟ್ಟಿಲು, ಸೈಕಲ್, ಬಾವಿ ನೀರು ಸೇದುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎದೆ ಹಿಡಿದ ಹಾಗಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ ಇರುವವರು, ಮೈಟೊಕಾಂಡ್ರಿಯದ ಕಾಯಿಲೆಯೇ ಇದೆ ಅಂತ ಗೊತ್ತಾದವರು ಡಾಕ್ಟರನ್ನು ಕೇಳಿ, ತೀರಾ ಕಡಿಮೆಯಿಂದ ಶುರು ಮಾಡಬೇಕು.

ಬಿಟ್ಟರೆ ಗಳಿಸಿದ್ದು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಜ್ವರ ಬಂದು ಹತ್ತು ದಿನ ಮಲಗಿ ಎದ್ದವರಿಗೆ ಇದು ಗೊತ್ತೇ ಇರುತ್ತದೆ. ಹಾಗೆ ಇಳಿದರೆ ಗಾಬರಿ ಬೇಡ, ಮತ್ತೆ ಹತ್ತು ನಿಮಿಷದಿಂದ ಶುರು ಮಾಡಿ.

ತಟ್ಟೆಯ ಕಡೆ

ಮೈಟೊಕಾಂಡ್ರಿಯದ ಯಂತ್ರಗಳ ಬಿಡಿಭಾಗ ಊಟದಿಂದಲೇ ಬರಬೇಕು. ಉಸಿರಾಟದ ಸರಪಳಿಯ ತುಂಬ ಕಬ್ಬಿಣವಿದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಸುಸ್ತಾಗುವುದು ರಕ್ತ ಕಡಿಮೆ ಅನ್ನುವ ಒಂದೇ ಕಾರಣಕ್ಕಲ್ಲ, ಸ್ನಾಯುವಿನೊಳಗೂ ಕಬ್ಬಿಣ ಸಾಲದೆ ಹೋಗಿರುತ್ತದೆ. ಸೊಪ್ಪು, ಕಾಳು ತಿನ್ನಿ, ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಮುಖ್ಯವಾಗಿ, ಊಟದ ಹಿಂದೆಯೇ ಕಾಫಿ ಟೀ ಬೇಡ. ಕಬ್ಬಿಣ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ನಮ್ಮ ಮನೆಯಲ್ಲಿ ಇದೊಂದು ಬದಲಾವಣೆ ಮಾಡುವಷ್ಟರಲ್ಲಿ ಸಾಕುಬೇಕಾಯಿತು.

ಬಿ ಗುಂಪಿನ ವಿಟಮಿನ್‌ಗಳಿಲ್ಲದೆ ಮೈಟೊಕಾಂಡ್ರಿಯದಲ್ಲಿ ಅನ್ನ ಸುಡುವುದೇ ಇಲ್ಲ. ಬಿ-1 ಅಕ್ಕಿಯ ತೌಡಿನಲ್ಲಿದೆ, ಪಾಲಿಶ್ ಮಾಡಿದಷ್ಟೂ ಹೋಗುತ್ತದೆ. ರಾಗಿ, ಜೋಳ, ಕೆಂಪಕ್ಕಿ, ಕಾಳು ಇದ್ದರೆ ಸಾಕು. ಪೂರ್ತಿ ಸಸ್ಯಾಹಾರಿಗಳು ಬಿ-12 ಒಮ್ಮೆ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಅದನ್ನು ಸೊಪ್ಪಿನಿಂದ ತುಂಬಿಸಲು ಆಗದು, ಡಾಕ್ಟರು ಹೇಳಿದ ಮಾತ್ರೆಯೋ ಇಂಜೆಕ್ಷನ್ನೋ ಬೇಕು.

ಏಕಾದಶಿ ಉಪವಾಸದಿಂದ ಮೈಟೊಫೇಜಿ ಜಾಸ್ತಿಯಾಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಹಸಿವು ಜೀವಕೋಶದ ಸ್ವಚ್ಛತೆಯನ್ನು ಚುರುಕು ಮಾಡುತ್ತದೆ ಅನ್ನುವುದು ಯೀಸ್ಟ್‌ನಲ್ಲಿ, ಇಲಿಯಲ್ಲಿ ಚೆನ್ನಾಗಿ ಗೊತ್ತಾಗಿದೆ. ಇಷ್ಟೇ ಗಂಟೆ ಹಸಿದರೆ ಮನುಷ್ಯರಿಗೆ ಇಷ್ಟು ಲಾಭ ಅನ್ನುವ ಲೆಕ್ಕವನ್ನು ಯಾರು ಕೊಟ್ಟರೂ ನಂಬಬೇಡಿ. ನಂಬಿಕೆಯಿಂದ ಮಾಡುವವರು ಮಾಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ, ಸಕ್ಕರೆ ದಿಢೀರನೆ ಇಳಿಯಬಹುದು.

ಆ ಬಾಟಲಿ ಮಾತ್ರೆ

ಚೀಟಿ ತಿರುಗಿಸಿ ಓದಿದೆ. ವಿಟಮಿನ್ ಸಿ, ವಿಟಮಿನ್ ಇ, ಕೋಎಂಜೈಮ್ ಕ್ಯೂ-10, ಇನ್ನೂ ಏನೇನೋ. ಕ್ಯೂ-10 ಮೈಟೊಕಾಂಡ್ರಿಯಕ್ಕೆ ಬೇಕೇ ಬೇಕು, ಆದರೆ ಜೀವಕೋಶ ತಾನೇ ಮಾಡಿಕೊಳ್ಳುತ್ತದೆ. ಅದನ್ನು ಮಾಡಿಕೊಳ್ಳಲಾಗದ ಅಪರೂಪದ ಕಾಯಿಲೆಯ ಮಕ್ಕಳಿಗೆ ಅದು ನಿಜವಾದ ಔಷಧಿ.

ವಿಟಮಿನ್ ಸಿ, ಇ ವಿಷಯ ಬೇರೆ. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನರಿಗೆ ದಿನಕ್ಕೆ 1000 ಮಿಲಿಗ್ರಾಂ ಸಿ, 400 ಯೂನಿಟ್ ಇ ಕೊಟ್ಟರು. ಇನ್ಸುಲಿನ್‌ಗೆ ಮೈ ಸ್ಪಂದಿಸುವುದು ಸುಧಾರಿಸಿದ್ದು ಮಾತ್ರೆ ತಗೊಳ್ಳದವರಲ್ಲಿ. ತಗೊಂಡವರಲ್ಲಿ ಆ ಲಾಭ ಕಾಣಲಿಲ್ಲ. ಕಾರಣ ಹೀಗಿರಬೇಕು: ವ್ಯಾಯಾಮದಲ್ಲಿ ಏಳುವ ಸಣ್ಣ ಕಿಡಿಯೇ ಜೀವಕೋಶಕ್ಕೆ ಸುದ್ದಿ, ಈ ವಿಟಮಿನ್‌ಗಳು ಅದನ್ನು ಆರಿಸಿಬಿಟ್ಟರೆ ಸುದ್ದಿ ಮುಟ್ಟುವುದಿಲ್ಲ. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣು ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಧಾರಾಳವಾಗಿ ತಿನ್ನಿ. ನಡೆಯುವವರು ಡಾಕ್ಟರು ಹೇಳದೆ ದೊಡ್ಡ ಪ್ರಮಾಣದ ಮಾತ್ರೆ ನುಂಗಬೇಡಿ. ಆ ಬಾಟಲಿಯನ್ನು ನಾವು ತೆರೆಯಲಿಲ್ಲ.

ಇನ್ನೊಂದು ಎಚ್ಚರಿಕೆ. ಬೇಗ ತೂಕ ಇಳಿಸುತ್ತೇವೆ ಅಂತ ಡಿಎನ್‌ಪಿ ಅನ್ನುವ ವಸ್ತುವನ್ನು ಇಂಟರ್ನೆಟ್ಟಿನಲ್ಲಿ ಮಾರುವವರಿದ್ದಾರೆ. ಅದು ಮೈಟೊಕಾಂಡ್ರಿಯದ ಒಳಪೊರೆಗೆ ತೂತು ಬಿದ್ದ ಹಾಗೆ ಮಾಡಿ ವೋಲ್ಟೇಜ್ ಸೋರಿಸುತ್ತದೆ. ಅನ್ನ ಸುಡುತ್ತದೆ, ಎಟಿಪಿ ಆಗುವುದಿಲ್ಲ, ಬರೀ ಕಾವು ಏರುತ್ತದೆ. 1930ರ ದಶಕದಲ್ಲಿ ಇದನ್ನು ಔಷಧಿಯಾಗಿ ಕೊಟ್ಟು ಜನ ಕುರುಡಾದರು, ಸತ್ತರು. 1938ರಲ್ಲಿ ಅಮೆರಿಕ ಇದನ್ನು ಮನುಷ್ಯರ ಬಳಕೆಗೆ ಯೋಗ್ಯವಲ್ಲ ಅಂತ ಸಾರಿತು. ಇದಕ್ಕೆ ಪ್ರತಿ-ಔಷಧಿಯಿಲ್ಲ. ಜಿಮ್‌ಗೆ ಹೋಗುವ ಮಕ್ಕಳಿಗೆ ದಯವಿಟ್ಟು ಹೇಳಿ.

ಮನೆಯೊಳಗಿನ ವಿಷ

ಬಚ್ಚಲಿನ ಗ್ಯಾಸ್ ಗೀಸರ್ ಒಮ್ಮೆ ಹೋಗಿ ನೋಡಿ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಅಷ್ಟೇ ಅಲ್ಲ, ಮೈಟೊಕಾಂಡ್ರಿಯದಲ್ಲಿ ಆಮ್ಲಜನಕ ಕೊನೆಗೆ ಬಂದು ಸೇರುವ ಕಿಣ್ವಕ್ಕೂ ಅಡ್ಡ ಕೂರುತ್ತದೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಬೇಕು. ಒಳಗೇ ಇದ್ದರೆ ಇವತ್ತೇ ಪ್ಲಂಬರನ್ನು ಕರೆಸಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಸ್ನಾನ ಮಾಡಿ. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು ಬಂದರೆ ಬಾಗಿಲು ತೆರೆದು ಮೊದಲು ಹೊರಗೆ ಬನ್ನಿ.

ಕಾಳಿಗೆ ಹುಳ ಬೀಳದಿರಲು ಇಡುವ ಮಾತ್ರೆಯೂ ಅಂಥದ್ದೇ. ತೇವ ತಗುಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಅದೂ ಮೈಟೊಕಾಂಡ್ರಿಯದ ಅದೇ ಕಿಣ್ವಕ್ಕೆ ಹೊಡೆಯುತ್ತದೆ. ಅದನ್ನು ಮನೆಯೊಳಗೆ ಇಡಲೇಬೇಡಿ. ಮಾತ್ರೆ ಹಾಕಿದ ಮೂಟೆಗಳ ಪಕ್ಕ ಮಲಗಬೇಡಿ. ಮನೆ ಬಳಕೆಯ ಕಾಳಿಗೆ ಒಣಬೇವಿನ ಸೊಪ್ಪು, ಬಿಸಿಲು, ಗಾಳಿಯಾಡದ ಡಬ್ಬಿ ಸಾಕು. ತೋಟಕ್ಕೆ ಔಷಧಿ ಹೊಡೆಯುವವರು ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ ಹಾಕಿ. ಮುಗಿದ ತಕ್ಷಣ ಮೈ ತೊಳೆದು ಆ ಬಟ್ಟೆ ಬೇರೆಯಾಗಿ ಒಗೆಯಿರಿ. ಕೀಟನಾಶಕಗಳಲ್ಲಿ ಕೆಲವು ಉಸಿರಾಟದ ಸರಪಳಿಯನ್ನೇ ಗುರಿ ಮಾಡಿದಂಥವು. ಹುಳದ ಮೈಟೊಕಾಂಡ್ರಿಯಕ್ಕೂ ನಮ್ಮದಕ್ಕೂ ಬಹಳ ಅಂತರವಿಲ್ಲ.

ಔಷಧಿ ಮತ್ತು ತಾಯಿಯ ಕಡೆಯವರು

ಮೈಟೊಕಾಂಡ್ರಿಯ ಮೂಲತಃ ಬ್ಯಾಕ್ಟೀರಿಯಾ ಅಂದೆನಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಕೆಲವು ಔಷಧಿ ಅದಕ್ಕೂ ತಾಕುವುದು ಅದಕ್ಕೇ. ಇಲ್ಲಿ ಮೊದಲೇ ಒಂದು ಮಾತು: ಇದನ್ನು ಓದಿ ಯಾವ ಔಷಧಿಯನ್ನೂ ನೀವಾಗಿ ನಿಲ್ಲಿಸಬೇಡಿ. ಟಿಬಿ, ಫಿಟ್ಸ್, ಸಕ್ಕರೆ ಕಾಯಿಲೆ ಔಷಧಿಗಳನ್ನಂತೂ ಬೇಡವೇ ಬೇಡ. ಡಾಕ್ಟರಿಗೆ ಹೇಳಬೇಕಾದ್ದನ್ನು ಮುಂಚೆಯೇ ಹೇಳಿ, ಅಷ್ಟು ಸಾಕು.

ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಗುಂಪಿನ ಇಂಜೆಕ್ಷನ್ ಕೆಲವರ ಕಿವಿ ಕೆಡಿಸುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 1555ನೇ ಅಕ್ಷರ ಬದಲಾಗಿರುವವರಿಗೆ ಅಪಾಯ ಬಹಳ ಜಾಸ್ತಿ, ಒಂದೆರಡು ಇಂಜೆಕ್ಷನ್ನಿಗೇ ಕಿವಿ ಹೋಗಬಹುದು. ಈ ಬದಲಾವಣೆ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆದ್ದರಿಂದ ಅಮ್ಮ, ಅಮ್ಮನ ಅಮ್ಮ, ಸೋದರಮಾವ, ಅಮ್ಮನ ಅಕ್ಕತಂಗಿಯರು, ಆ ಅಕ್ಕತಂಗಿಯರ ಮಕ್ಕಳು, ಇವರಲ್ಲಿ ಯಾರಿಗಾದರೂ ಇಂಜೆಕ್ಷನ್ ಆದ ಮೇಲೆ ಕಿವಿ ಕೇಳದಂತಾಗಿದೆಯಾ ಅಂತ ವಿಚಾರಿಸಿ. ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಔಷಧಿಗೆ ಬಗ್ಗದ ಟಿಬಿಗೆ ಲಿನೆಜೋಲಿಡ್ ತಿಂಗಳುಗಟ್ಟಲೆ ಕೊಡುತ್ತಾರೆ. ಅದು ಜೀವ ಉಳಿಸುವ ಔಷಧಿ. ಆದರೆ ಪಾದ ಜುಮ್ಮೆಂದರೆ, ಕಣ್ಣು ಮಂಜಾದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅವತ್ತೇ ತಿಳಿಸಿ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್ ಲಕ್ಷಾಂತರ ಜನರಿಗೆ ಒಳ್ಳೆಯದು ಮಾಡಿದೆ. ಆದರೆ ಮೈಟೊಕಾಂಡ್ರಿಯದ ಡಿಎನ್‌ಎ ನಕಲು ಮಾಡುವ ಪಾಲ್-ಜಿ ಜೀನ್ ಕೆಟ್ಟಿರುವ ಮಕ್ಕಳಲ್ಲಿ ಅದು ಲಿವರ್ ಹಾಳು ಮಾಡುವ ಅಪಾಯ ಬಹಳ ಜಾಸ್ತಿ. ಮಗುವಿಗೆ ಫಿಟ್ಸ್ ಜೊತೆಗೆ ಬೆಳವಣಿಗೆ ಹಿಂದೆ ಬಿದ್ದಿದ್ದರೆ, ಕುಟುಂಬದಲ್ಲಿ ಕಾರಣ ಗೊತ್ತಾಗದೆ ಲಿವರ್ ಕೆಟ್ಟು ಮಗು ತೀರಿಕೊಂಡಿದ್ದರೆ, ಅದನ್ನೂ ಹೇಳಿ.

ಯಾವಾಗ ಅನುಮಾನ ಪಡಬೇಕು? ಒಂದೇ ಲಕ್ಷಣಕ್ಕೆ ಗಾಬರಿ ಬೇಡ. ಸಂಬಂಧವೇ ಇಲ್ಲದ ಅಂಗಗಳು ಒಬ್ಬರಲ್ಲೇ ಕೆಟ್ಟರೆ ಯೋಚಿಸಬೇಕು. ರೆಪ್ಪೆ ಜೋಲುವುದು, ಚಿಕ್ಕ ವಯಸ್ಸಿಗೇ ಕಿವುಡು ಮತ್ತು ಸಕ್ಕರೆ ಕಾಯಿಲೆ, ಸಣ್ಣ ಕೆಲಸಕ್ಕೂ ಸ್ನಾಯು ಸೋಲುವುದು, ನಲವತ್ತಕ್ಕೂ ಮುಂಚೆ ಪಾರ್ಶ್ವವಾಯುವಿನಂಥ ಹೊಡೆತ, ಇವುಗಳಲ್ಲಿ ಎರಡು ಮೂರು ಸೇರಿದರೆ, ಅದರಲ್ಲೂ ತಾಯಿಯ ಕಡೆಯಲ್ಲಿ ಇದ್ದರೆ, ನರರೋಗ ತಜ್ಞರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುವಿನ ಬಯಾಪ್ಸಿ ನೋಡುವ ಪರಿಣತರಿದ್ದಾರೆ. ಹೋಗುವಾಗ ಒಂದು ಹಾಳೆಯಲ್ಲಿ ಅಜ್ಜಿಯಿಂದ ಶುರು ಮಾಡಿ ತಾಯಿಯ ಕಡೆಯವರ ಹೆಸರು, ಕಾಯಿಲೆ, ಅದು ಶುರುವಾದ ವಯಸ್ಸು ಬರೆದುಕೊಂಡು ಹೋಗಿ. ಹತ್ತು ರಿಪೋರ್ಟಿಗಿಂತ ಆ ಹಾಳೆ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ.

ನಮ್ಮದನ್ನೂ ಬರೆದಿಟ್ಟೆವು. ಅಮ್ಮ ಜಗುಲಿ ಮೇಲೆ ಕೂತು ಒಬ್ಬೊಬ್ಬರನ್ನೇ ನೆನೆಸಿಕೊಂಡು ಹೇಳಿದಳು, ನಾನು ಬರೆದೆ. ನಮ್ಮಲ್ಲಿ ಅಂಥದ್ದೇನೂ ಸಿಗಲಿಲ್ಲ. ಪ್ಲಾಸ್ಟರ್ ಬಿಚ್ಚಿ ಆಗ ಹನ್ನೊಂದನೇ ವಾರ. ಬರೆದು ಮುಗಿಸಿ ಮತ್ತೆ ಟೇಪ್ ತಂದೆ. ಎಡಗಾಲು 39, ಬಲಗಾಲು 38. "ಇನ್ನೂ ಒಂದು ಬಾಕಿ ಇದೆ" ಅಂತ ಅಮ್ಮ ಚಪ್ಪಲಿ ಹಾಕಿಕೊಂಡು, ಕಟಾಂಜನ ಹಿಡಿಯದೆ ಆ ನಾಲ್ಕು ಮೆಟ್ಟಿಲು ಇಳಿದು ನಡೆಯಲು ಹೋದಳು.